ಹತ್ತಿರ ಬಂದ ವಿಷ, ದೂರ ಉಳಿದ ವೈದ್ಯ

ಮಾನ್ವಿ ಸೀಮೆಯ ದಾಸಪರಂಪರೆಯಲ್ಲಿ ಒಂದು ಹೊಟ್ಟೆನೋವಿನ ಕಥೆಯಿದೆ. ಬ್ಯಾಗವಾಟದ ಪಂಡಿತ ಶ್ರೀನಿವಾಸಾಚಾರ್ಯರಿಗೆ ವಿಜಯದಾಸರ ಪಂಕ್ತಿಯಲ್ಲಿ ಕೂತು ಉಣ್ಣುವ ಮನಸ್ಸಿರಲಿಲ್ಲ. ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರು. ಆ ನೆವವೇ ನಿಜವಾಗಿ, ತಾಳಲಾರದ ಶೂಲೆಯಾಗಿ ಅವರನ್ನು ಕಾಡಿತು. ಮಂತ್ರಾಲಯಕ್ಕೆ ಹೋಗಿ ಸೇವೆ ಮಾಡಿದರು. ವಿಜಯದಾಸರ ಬಳಿಗೇ ಹೋಗು ಎಂಬ ಸೂಚನೆ ಅಲ್ಲಿ ಸಿಕ್ಕಿತು. ವಿಜಯದಾಸರು ತಮ್ಮ ಶಿಷ್ಯ ಗೋಪಾಲದಾಸರ ಕಡೆಗೆ ಕಳಿಸಿದರು. ದೇವದುರ್ಗ ತಾಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ಆಗ ಇದ್ದದ್ದು ಗದ್ವಾಲ ಸೀಮೆಯ ಉತ್ತನೂರಿನಲ್ಲಿ. ಅವರು ಬಂದವರಿಗೆ ಜೋಳದ ರೊಟ್ಟಿ ಉಣಿಸಿ, ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆ ಎರೆದುಕೊಟ್ಟರು ಎಂದು ಪರಂಪರೆ ಹೇಳುತ್ತದೆ. ಹಾಗೆ ಉಳಿದುಕೊಂಡ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ ಬರೆದರು.

18ನೆಯ ಶತಮಾನದ ಈ ಕಥೆಯನ್ನು ಭಕ್ತರು ಗುರುಮಹಿಮೆ ಎಂದು ಕೇಳುತ್ತಾರೆ. ಚರಿತ್ರೆಯ ಕಣ್ಣಿನಿಂದ ಓದಿದರೆ ಅದರಲ್ಲಿ ಮತ್ತೊಂದು ಸಂಗತಿ ಕಾಣುತ್ತದೆ. ನೋವು ತಿನ್ನುತ್ತಿದ್ದ ಮನುಷ್ಯನೊಬ್ಬನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಿದರು. ಹೋದಲ್ಲೆಲ್ಲ ಕೂತು ಕೇಳುವವರಿದ್ದರು. ಮಾನ್ವಿ, ಮಂತ್ರಾಲಯ, ಉತ್ತನೂರು ಎಲ್ಲವೂ ನಡೆದು ಮುಟ್ಟುವಷ್ಟು ಸಮೀಪದ ಊರುಗಳು. ಮುಂದಿನ ಎರಡು ಶತಮಾನಗಳಲ್ಲಿ ರಾಯಚೂರು ಸೀಮೆ ಕಳೆದುಕೊಂಡದ್ದು ಈ ಸಮೀಪವನ್ನೇ.

ಹೊಟ್ಟೆನೋವು ಮಾತ್ರ ದಾಖಲೆಗಳಲ್ಲಿ ಉಳಿಯಿತು. ‘ಹೊಟ್ಟೆನೋವು ತಾಳಲಾರದೆ’ ಎಂದು ಶುರುವಾಗುವ ಸಾವಿನ ಸುದ್ದಿಯನ್ನು ಕನ್ನಡ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಓದದವರು ಕಡಿಮೆ. ಸುದ್ದಿಗೆ ಆಧಾರ ಠಾಣೆಯ ದೂರು, ದೂರಿಗೆ ಆಧಾರ ಮನೆಯವರ ಹೇಳಿಕೆ. ಸಾಲ, ಕುಡಿತ, ಮಗಳ ಮದುವೆ, ತಿಂಗಳುಗಟ್ಟಲೆ ನಿದ್ದೆ ಬಾರದ ಖಿನ್ನತೆ, ಇದನ್ನೆಲ್ಲ ಪೊಲೀಸರೆದುರು ಬಿಚ್ಚಿಡಲಾಗದ ಮನೆಯವರಿಗೆ ಅದು ಮರ್ಯಾದೆ ಉಳಿಸುವ ಮಾತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯಂತೆ ಆ ವರ್ಷ ಕರ್ನಾಟಕದಲ್ಲಿ 13,606 ಜನ ಆತ್ಮಹತ್ಯೆಯಿಂದ ಸತ್ತರು. ದೇಶದ ಒಟ್ಟು ಲೆಕ್ಕದಲ್ಲಿ ಶೇ 31.7 ಸಾವುಗಳಿಗೆ ಕೌಟುಂಬಿಕ ಸಮಸ್ಯೆ ಕಾರಣವೆಂದೂ, ಶೇ 18.4ಕ್ಕೆ ಕಾಯಿಲೆ ಕಾರಣವೆಂದೂ ನಮೂದಾಗಿದೆ. ಕಾಯಿಲೆ ಎಂಬ ಆ ಒಂದು ಖಾನೆಯೊಳಗೆ ಎಷ್ಟೋ ಮನೆಗಳು ಹೇಳದೆ ನುಂಗಿದ ಮಾತುಗಳು ಸೇರಿಹೋಗಿವೆ.

ಮನಸ್ಸಿನ ಕಾಯಿಲೆಗೆ ಈ ಸೀಮೆಯ ಜನ ಮೊದಲು ಹೋಗುತ್ತಿದ್ದದ್ದು, ಈಗಲೂ ಬಹಳ ಮಂದಿ ಹೋಗುವುದು ದೇವರು, ದರ್ಗಾಗಳ ಕಡೆಗೆ. ‘ಗಾಳಿ ಸೋಕೇತಿ’ ಅಂದರೆ ತಾಯತ. ಅದಕ್ಕೂ ಬಗ್ಗದಿದ್ದರೆ ಕಲಬುರಗಿ ಜಿಲ್ಲೆಯ ದೇವಲ ಗಾಣಗಾಪುರ. ಅಲ್ಲಿ ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ಮೈಮೇಲೆ ಬಂದವರು ಕೂಗುವುದು, ಕಂಬ ಹತ್ತುವುದು ಇಂದಿಗೂ ಕಾಣುವ ದೃಶ್ಯ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಕಾಯಿಲೆಯವರನ್ನು ಮನೆಯವರೇ ಕರೆತಂದು, ವಾರಗಟ್ಟಲೆ ಜೊತೆಗಿದ್ದು, ಉಣಿಸಿ, ಸೇವೆ ಮಾಡುವ ಜಾಗ ಅದು. ಇಂಥ ಕೆಲವು ಜಾಗಗಳಲ್ಲಿದ್ದ, ಬೇಡಿ ಹಾಕಿ ಕೂಡಿಹಾಕುವ ಪದ್ಧತಿಯ ಭೀಕರತೆ ದೇಶಕ್ಕೆ ಗೊತ್ತಾದದ್ದು 2001ರ ಆಗಸ್ಟ್ 6ರಂದು, ತಮಿಳುನಾಡಿನ ಎರ್ವಾಡಿಯಲ್ಲಿ ಸರಪಳಿ ಬಿಗಿದಿದ್ದವರು ಬೆಂಕಿಗೆ ಸಿಕ್ಕಿ 28 ಜನ ಸತ್ತಾಗ. ಎರ್ವಾಡಿಗೆ ಅವರನ್ನು ಕರೆತಂದವರಿಗೆ ತಮ್ಮೂರಿನ ಹತ್ತಿರ ಬೇರೆ ಬಾಗಿಲು ಇತ್ತೇ ಎಂಬುದು ಆಗ ಕೇಳಬೇಕಿದ್ದ ಪ್ರಶ್ನೆ.

ರಾಯಚೂರಿನವರಿಗೆ ಅಂಥ ಬಾಗಿಲು ಇರಲಿಲ್ಲ. ಧಾರವಾಡದ ಹುಚ್ಚಾಸ್ಪತ್ರೆ 1845ರಷ್ಟು ಹಳೆಯದು, ಆದರೆ ಧಾರವಾಡ ಮುಂಬಯಿ ಪ್ರಾಂತ್ಯದ್ದು. ಬೆಂಗಳೂರಿನದು ಮೈಸೂರು ಅರಸರ ಆಡಳಿತಕ್ಕೆ ಸೇರಿದ್ದು. ರಾಯಚೂರು ದೋಆಬ್ 1853ರಿಂದ 1860ರವರೆಗೆ ಬ್ರಿಟಿಷರ ಕೈಗೆ ಹೋಗಿ, ಮತ್ತೆ ನಿಜಾಮರ ಕೈಗೆ ಬಂತು. 1871ರಲ್ಲಿ ಮುಂಬಯಿಯ ರೈಲು ಮತ್ತು ಮದರಾಸಿನ ರೈಲು ಕೂಡಿದ್ದು ರಾಯಚೂರಿನಲ್ಲೇ. ದೇಶದ ಎರಡು ದೊಡ್ಡ ಬಂದರುಗಳನ್ನು ಬೆಸೆದ ಊರು ಇದು. ಹತ್ತಿ ಆ ರೈಲು ಹತ್ತಿ ಹೋಯಿತು. ಮನಸ್ಸು ಕೆಟ್ಟವರೂ ಅದೇ ರೈಲು ಹತ್ತಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕಾಯಿತು. 1956ರಲ್ಲಿ ಜಿಲ್ಲೆ ವಿಶಾಲ ಮೈಸೂರಿಗೆ ಸೇರಿದ ಮೇಲೂ ಬಹಳ ಮನೆಗಳಿಗೆ ದೊಡ್ಡಾಸ್ಪತ್ರೆ ಎಂದರೆ ಹೈದರಾಬಾದು, ತಲೆ ಕೆಟ್ಟಿತೆಂದರೆ ಅಲ್ಲಿಯ ಎರ್ರಗಡ್ಡದ ಹುಚ್ಚಾಸ್ಪತ್ರೆ. ಬೆಂಗಳೂರಿನ ಆಸ್ಪತ್ರೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ, 1974ರಲ್ಲಿ ನಿಮ್ಹಾನ್ಸ್ ಆಗಿ ಬೆಳೆಯಿತು. ದೇವದುರ್ಗದ ಕೂಲಿಯವರಿಗೆ ಅದು ಒಂದು ರಾತ್ರಿ ಪೂರ್ತಿ ಪ್ರಯಾಣ, ಜೊತೆಗೆ ಇಬ್ಬರು, ಇಬ್ಬರ ಕೂಲಿಯೂ ಹೋಯಿತು. ತಿಂಗಳ ಗುಳಿಗೆ ಮುಗಿದಾಗ ಮತ್ತೆ ಅದೇ ದಾರಿ. ಅರ್ಧಕ್ಕೇ ಔಷಧ ಬಿಟ್ಟವರನ್ನು ಬಯ್ಯುವುದಕ್ಕೆ ಮುಂಚೆ ಈ ಲೆಕ್ಕ ಹಾಕಬೇಕು.

ನಡುವೆ ಒಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ‘ಕೊರವಂಜಿ’ಯ ಸಂಪಾದಕ ರಾಶಿ, ಅಂದರೆ ಡಾ. ಎಂ. ಶಿವರಾಂ, ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯಕ್ಕೆ ಸೇರಿದ ಕನ್ನಡ ಪುಸ್ತಕವೊಂದು ದೇಶದ ಸಾಹಿತ್ಯ ಪ್ರಶಸ್ತಿ ಪಡೆದದ್ದು ಸಣ್ಣ ಮಾತಲ್ಲ. ಶಿವಮೊಗ್ಗದಿಂದ ಡಾ. ಅಶೋಕ್ ಪೈ, ಬೆಂಗಳೂರಿನಿಂದ ಡಾ. ಸಿ.ಆರ್. ಚಂದ್ರಶೇಖರ್ ಆ ದಾರಿಯನ್ನು ಹಿಗ್ಗಿಸಿದರು. ಪತ್ರಿಕೆಯ ಅಂಕಣದಲ್ಲಿ ಓದುಗರ ಪ್ರಶ್ನೆಗೆ ಉತ್ತರ ಬರೆಯುವ ವೈದ್ಯರು ಹಳ್ಳಿಯ ಗ್ರಂಥಾಲಯದವರೆಗೂ ಬಂದರು. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಔಷಧವಿದೆ ಎಂಬ ತಿಳಿವಳಿಕೆಯನ್ನು ಕರ್ನಾಟಕದ ಓದುವ ಜನಕ್ಕೆ ಕೊಟ್ಟದ್ದು ಆಸ್ಪತ್ರೆಗಳಿಗಿಂತ ಮುಂಚೆ ಈ ಅಂಕಣಗಳೇ. ಓದಲು ಬಾರದವರ ಪಾಡು ಬೇರೆ.

ಅವರಿಗಾಗಿ ಹುಟ್ಟಿದ ಪ್ರಯೋಗ ರಾಯಚೂರಿನ ಪಕ್ಕದ ಜಿಲ್ಲೆಯಲ್ಲೇ ನಡೆಯಿತು, ಮತ್ತು ಅದನ್ನು ಜಗತ್ತು ಗುರುತಿಸಿತು. 1970ರ ದಶಕದಲ್ಲಿ ನಿಮ್ಹಾನ್ಸ್‌ನ ವೈದ್ಯರು ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸಬಹುದೇ ಎಂದು ನೋಡಿದರು. ಕಲಿಸಬಹುದು ಎಂದಾಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಲ್ಲಿ ಅಂದಿನ ಬಳ್ಳಾರಿ ಜಿಲ್ಲೆ ಪೂರ್ತಿಯನ್ನು, ಸುಮಾರು 20 ಲಕ್ಷ ಜನಸಂಖ್ಯೆಯನ್ನು, ಪ್ರಯೋಗಕ್ಕೆ ತೆಗೆದುಕೊಂಡರು. ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಮೊದಲಾದವರು ಅದರಲ್ಲಿದ್ದರು.

ಬಳ್ಳಾರಿಯಲ್ಲಿ ಮಾಡಿದ್ದು ಹೇಳಲು ಸರಳ. ಜ್ವರ, ಮಲೇರಿಯಾ ಕೇಳಿಕೊಂಡು ಊರೂರು ಅಲೆಯುವ ಕಾರ್ಯಕರ್ತರು ಇನ್ನು ಕೆಲವು ಪ್ರಶ್ನೆ ಸೇರಿಸಿ ಕೇಳುವುದು: ಮನೆಯಲ್ಲಿ ಯಾರಾದರೂ ತಮ್ಮಷ್ಟಕ್ಕೆ ತಾವೇ ಮಾತಾಡುತ್ತಾರೆಯೇ, ಫಿಟ್ಸ್ ಬರುತ್ತದೆಯೇ, ಕೆಲಸ ಬಿಟ್ಟು ಮೂಲೆ ಹಿಡಿದಿದ್ದಾರೆಯೇ, ಬದುಕು ಸಾಕು ಎನ್ನುತ್ತಾರೆಯೇ. ಅಂಥವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತರುವುದು. ಅಲ್ಲಿಯ ವೈದ್ಯರು ಆಯ್ದ ಕೆಲವೇ ಔಷಧಗಳನ್ನು ಅಲ್ಲೇ ಕೊಡುವುದು, ಬಗೆಹರಿಯದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ಕಳಿಸುವುದು, ತಿಂಗಳಿಗೊಮ್ಮೆ ಲೆಕ್ಕ ನೋಡುವುದು. ದೊಡ್ಡ ಕಟ್ಟಡ ಏಳಲಿಲ್ಲ, ಹಾಸಿಗೆಗಳ ಸಾಲು ಹಾಕಲಿಲ್ಲ. ಆಸ್ಪತ್ರೆಯ ಹೊಸ್ತಿಲು ತುಳಿಯದೆ ವರ್ಷಗಟ್ಟಲೆ ಮನೆಯ ಹಿತ್ತಿಲಲ್ಲಿ ಕೂತವರು ನಡೆದು ಹೋಗುವಷ್ಟು ದೂರದಲ್ಲಿ ಗುಳಿಗೆ ಪಡೆದರು. ಐದು ವರ್ಷದ ಆ ಅನುಭವವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೆ 1996ರಲ್ಲಿ ಕೇಂದ್ರ ಸರ್ಕಾರ ಅದನ್ನು ಶುರುಮಾಡಿದಾಗ ಸಿಕ್ಕದ್ದು ಇಡೀ ದೇಶದಲ್ಲಿ ನಾಲ್ಕು ಜಿಲ್ಲೆಗಳಿಗೆ. ಬಳ್ಳಾರಿಯ ಗಡಿಗೆ ಹೊಂದಿಕೊಂಡ ರಾಯಚೂರಿಗೆ ಪಕ್ಕದ ಮನೆಯ ದೀಪದ ಬೆಳಕು ಕೂಡ ಬೇಗ ಬರಲಿಲ್ಲ.

ಇದೇ ದಶಕಗಳಲ್ಲಿ ಇನ್ನೊಂದು ವಸ್ತು ಮಾತ್ರ ಯಾವ ಅಡ್ಡಿಯೂ ಇಲ್ಲದೆ ಊರೂರಿಗೆ ಬಂತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಎಡದಂಡೆ ಕಾಲುವೆಗೆ ಇಳಿದ ಮೇಲೆ ಸಿಂಧನೂರು, ಮಾನ್ವಿಯ ಕರಿಮಣ್ಣಿನಲ್ಲಿ ಜೋಳದ ಜಾಗಕ್ಕೆ ಭತ್ತ ಬಂತು, ಕ್ಯಾಂಪುಗಳು ಎದ್ದವು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆ ಬಂತು. ಮಳೆ ನಂಬಿದ ಹೊಲಗಳಲ್ಲಿ ಹತ್ತಿ ಹಬ್ಬಿತು. ಭತ್ತಕ್ಕೂ ಹತ್ತಿಗೂ ಎಣ್ಣೆ ಹೊಡೆಯಬೇಕು, ಅಂದರೆ ಕೀಟನಾಶಕ ಸಿಂಪಡಿಸಬೇಕು. ಹೋಬಳಿಗೊಂದರಂತೆ ಇದ್ದ ಗೊಬ್ಬರದ ಅಂಗಡಿಗಳು ಬಸ್ ಸ್ಟ್ಯಾಂಡಿಗೆ ಹತ್ತಾಗಿ ನಿಂತವು.

ಗೊಬ್ಬರದ ಅಂಗಡಿಯ ವ್ಯವಹಾರವನ್ನು ಹತ್ತಿರದಿಂದ ನೋಡಬೇಕು. ಮುಂಗಾರಿಗೆ ಬೀಜ, ಗೊಬ್ಬರ, ಎಣ್ಣೆ ಎಲ್ಲವೂ ಉದ್ರಿ. ಯಾವ ಹುಳಕ್ಕೆ ಯಾವ ಔಷಧ ಎಂದು ಹೇಳುವವರು ಕೃಷಿ ಅಧಿಕಾರಿಗಳಿಗಿಂತ ಹೆಚ್ಚಾಗಿ ಅಂಗಡಿಯವರೇ. ಒಂದಕ್ಕೆ ಹುಳ ಸಾಯದಿದ್ದರೆ ಇನ್ನೊಂದು, ಅದೂ ಖಾತೆಗೆ. ಹತ್ತಿ ಬಿಡಿಸಿದ ಮೇಲೆ ಮೂಟೆಗಳು ರಾಯಚೂರಿನ ರಾಜೇಂದ್ರ ಗಂಜಿಗೆ ಹೋಗುತ್ತವೆ. ಅಲ್ಲಿ ಮುಂಗಡ ಕೊಟ್ಟ ದಲಾಲಿ ಅಂಗಡಿಯವರ ಲೆಕ್ಕ ಮೊದಲು ಹರಿಯಬೇಕು. ಬಡ್ಡಿ, ಹಮಾಲಿ, ಕಡತ ಕಳೆದು ಉಳಿದದ್ದು ಗೊಬ್ಬರದ ಅಂಗಡಿಗೆ. ಅದಕ್ಕೂ ಸಾಲದಿದ್ದರೆ ಬರುವ ವರ್ಷಕ್ಕೆ ಬಾಕಿ. ಲಾವಣಿ ಹಾಕಿಕೊಂಡ ಹೊಲವಾದರೆ ಹೊಲದೊಡೆಯರ ಹಣ ಮೊದಲೇ ಹೋಗಿರುತ್ತದೆ. ಕಾಲುವೆಯ ಕೊನೆಭಾಗದ ಮಾನ್ವಿಯ ರೈತರಿಗೆ ಇದರ ಮೇಲೆ ನೀರಿನ ಕಾಯುವಿಕೆ. 69ನೇ ಮೈಲಿನಲ್ಲಿ ಗೇಜು ಎಷ್ಟಿದೆ ಎಂಬುದರ ಮೇಲೆ ಅವರ ರಾತ್ರಿಯ ನಿದ್ದೆ ನಿಂತಿದೆ. ಬೆಳೆ ಕೈಕೊಟ್ಟ ವರ್ಷ ಮನೆಯಲ್ಲಿ ಕಾಳಿಲ್ಲದೆ ಹೋಗಬಹುದು, ಆದರೆ ಹೊಡೆದು ಉಳಿದ ಎಣ್ಣೆಯ ಡಬ್ಬಿ ಇರುತ್ತದೆ. ಅಂಥ ಹಳ್ಳಿಯಿಂದ ಮನೋವೈದ್ಯರು ಬಹಳ ಕಾಲ ನೂರಾರು ಕಿಲೋಮೀಟರ್ ದೂರವಿದ್ದರು.

ಕರ್ನಾಟಕದಲ್ಲಿ ರೈತರ ಆತ್ಮಹತ್ಯೆ ಸಾರ್ವಜನಿಕ ಚರ್ಚೆಗೆ ಬಂದದ್ದು 1998ರಲ್ಲಿ, ಬೀದರಿನ ತೊಗರಿ ಬೆಳೆಗಾರರ ಸಾವುಗಳಿಂದ. ಅದೇ ಹೊತ್ತಿಗೆ ವರಂಗಲ್ಲಿನ ಹತ್ತಿ ಬೆಳೆಗಾರರ ಸಾವಿನ ಸುದ್ದಿ ಗಡಿಯಾಚೆಯಿಂದ ಬರುತ್ತಿತ್ತು. ಅದೇ ವರ್ಷದ ಕೊನೆಯಲ್ಲಿ ರಾಯಚೂರು ಜಿಲ್ಲೆಯ ಬಿಟಿ ಹತ್ತಿಯ ಪ್ರಯೋಗದ ಹೊಲಗಳನ್ನು ರೈತ ಸಂಘದವರು ಸುಟ್ಟು ಜಗತ್ತಿನ ಗಮನ ಸೆಳೆದರು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಎಣ್ಣೆಯ ಖರ್ಚು ಇಳಿಯುತ್ತದೆಂಬ ಭರವಸೆ ಕೆಲವು ವರ್ಷ ನಿಂತು, 2015ರ ಹೊತ್ತಿಗೆ ಗುಲಾಬಿ ಕಾಯಿಕೊರಕ ಮರಳಿ ಬಂದಾಗ ಕುಸಿಯಿತು. ಸರ್ಕಾರ ನೇಮಿಸಿದ ಜಿ.ಕೆ. ವೀರೇಶ್ ಸಮಿತಿ 2002ರಲ್ಲೇ ಕಾರಣ ಹುಡುಕಿತ್ತು. ಸಮಾಜಶಾಸ್ತ್ರಜ್ಞೆ ಎ.ಆರ್. ವಾಸವಿ ಬೀದರಿನಿಂದ ಶುರುಮಾಡಿ ವರ್ಷಗಟ್ಟಲೆ ಇದೇ ವಿಷಯದ ಬೆನ್ನು ಹತ್ತಿದರು. ಸತ್ತವರಲ್ಲಿ ಬಹಳ ಜನ ಹೊಸದಾಗಿ ವಾಣಿಜ್ಯ ಬೆಳೆಗೆ ಇಳಿದ ಸಣ್ಣ ಹಿಡುವಳಿದಾರರು, ಸೋತಾಗ ಒಂಟಿಯಾದವರು ಎಂಬುದು ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಮಾತು.

2015ರಲ್ಲಿ ಬರ ಬಂದಾಗ ಕೃಷಿ ನಂಬಿದ 1,569 ಜನರ ಆತ್ಮಹತ್ಯೆ ರಾಜ್ಯದ ಲೆಕ್ಕಕ್ಕೆ ಬಂತು. ದೇಶದಲ್ಲಿ ಮಹಾರಾಷ್ಟ್ರದ ನಂತರದ ಸ್ಥಾನ ಅದು. ಸರ್ಕಾರ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಪರಿಹಾರ ಸರಿಯಾದದ್ದೇ, ಉಳಿದ ಹೆಂಡತಿ ಮಕ್ಕಳಿಗೆ ಅದು ಬೇಕು. ಆದರೆ ಪಹಣಿ, ಸಾಲದ ಕಾಗದ ಕೇಳುವ ವ್ಯವಸ್ಥೆಯಲ್ಲಿ ಲಾವಣಿ ರೈತರು ಹೊರಗೆ ಉಳಿದರು, ಪಹಣಿಯಲ್ಲಿ ಹೆಸರೇ ಇರದ ಹೆಣ್ಣುಮಕ್ಕಳು ರೈತರೆಂದೇ ಎಣಿಕೆಯಾಗಲಿಲ್ಲ. ಮುಖ್ಯವಾಗಿ, ಸತ್ತ ಮೇಲೆ ಬರುವ ತಹಶೀಲ್ದಾರರ ತಂಡಕ್ಕೆ ಇದ್ದ ಗಟ್ಟಿ ನಿಯಮಾವಳಿ, ಸಾಯುವ ಯೋಚನೆ ಶುರುವಾದಾಗ ಹೋಗಬೇಕಾದ ತಂಡಕ್ಕೆ ಇರಲಿಲ್ಲ. ವಾರದ ಕಂತಿಗಾಗಿ ಮನೆ ಬಾಗಿಲಲ್ಲಿ ಕೂರುವ ಮೈಕ್ರೊಫೈನಾನ್ಸ್ ವಸೂಲಿಗಾರರ ಕಿರುಕುಳದ ವಿರುದ್ಧ ರಾಜ್ಯ ಸುಗ್ರೀವಾಜ್ಞೆ ತಂದದ್ದು 2025ರ ಫೆಬ್ರುವರಿಯಲ್ಲಿ, ಹಲವು ಸಾವುಗಳ ಸುದ್ದಿ ಬಂದ ಮೇಲೆ.

ಇಷ್ಟೇ ಸಂಕಟದ ಒಂದು ಪುಟ್ಟ ದ್ವೀಪದೇಶ ಬೇರೆ ದಾರಿ ಹಿಡಿದದ್ದನ್ನು ಇಲ್ಲಿ ನೆನೆಯಬೇಕು. 1995ರಲ್ಲಿ ಶ್ರೀಲಂಕಾದ ಆತ್ಮಹತ್ಯೆಯ ಪ್ರಮಾಣ ಲಕ್ಷಕ್ಕೆ ಸುಮಾರು 47, ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಅಲ್ಲಿಯೂ ಭತ್ತದ ಹಳ್ಳಿಗಳು, ಅಲ್ಲಿಯೂ ಮನೆಯೊಳಗಿನ ಕೀಟನಾಶಕ. ಕೊಲಂಬೊದಲ್ಲಿ 1974ರಿಂದ ಸುಮಿತ್ರಯೊ ಎಂಬ ಸ್ವಯಂಸೇವಾ ಸಂಸ್ಥೆ ನೊಂದವರ ಮಾತು ಕೇಳುತ್ತಿತ್ತು. ಸರ್ಕಾರ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಹೋಯಿತು, 1998ರಲ್ಲಿ ಆತ್ಮಹತ್ಯೆಯ ಯತ್ನ ಅಪರಾಧ ಎಂಬ ಕಾನೂನನ್ನು ತೆಗೆದುಹಾಕಿತು. ಮುಂದಿನ ಎರಡು ದಶಕದಲ್ಲಿ ಸಾವಿನ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಉಳಿದ ಜೀವಗಳು ಸುಮಾರು 93,000 ಎಂದು ಸಂಶೋಧಕರ ಅಂದಾಜು. ಬೆಳೆಯ ಇಳುವರಿ ಕುಸಿಯಲಿಲ್ಲ.

ಸಾಯಬೇಕೆಂಬ ತೀವ್ರ ಒತ್ತಡ ಬಹಳ ಜನರಲ್ಲಿ ಕೆಲವು ನಿಮಿಷ, ಕೆಲವು ಗಂಟೆಯದು. ಆ ಹೊತ್ತು ದಾಟಿದವರಲ್ಲಿ ಹೆಚ್ಚಿನವರು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ದ್ವೀಪದ ಲೆಕ್ಕಕ್ಕೆ ಇದೇ ಬುನಾದಿ. ಡಬ್ಬಿಯನ್ನು ಬೀಗದಲ್ಲಿ ಇಟ್ಟರೆ ಸಾಲದೇ ಎಂಬುದನ್ನೂ ಅಲ್ಲಿ ಪರೀಕ್ಷಿಸಿದರು. ಅನುರಾಧಪುರದ ಕಡೆ 180 ಹಳ್ಳಿಗಳಲ್ಲಿ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟೂ ಕೊಡದೆಯೂ ಹೋಲಿಸಿ ನೋಡಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಯ ಬೀಗದಿಂದ ವ್ಯತ್ಯಾಸವಾಗಲಿಲ್ಲ. ಚೆನ್ನೈನಲ್ಲಿ 1986ರಲ್ಲಿ ‘ಸ್ನೇಹಾ’ ಕಟ್ಟಿದ ಡಾ. ಲಕ್ಷ್ಮಿ ವಿಜಯಕುಮಾರ್ ತಮಿಳುನಾಡಿನ ಕಾಟುಮನ್ನಾರ್‌ಕೋಯಿಲ್ ಕಡೆಯ ಹಳ್ಳಿಗಳಲ್ಲಿ ಬೇರೆ ರೀತಿ ಮಾಡಿದರು: ಎಣ್ಣೆಯನ್ನು ಮನೆಯಿಂದಲೇ ಹೊರಗೆ ತೆಗೆದು ಊರಿನ ಒಂದು ಸಾಮಾನ್ಯ ಕೋಣೆಯ ಲಾಕರುಗಳಲ್ಲಿ ಇಡಿಸಿದರು. ಅಲ್ಲಿ ಸಾವುಗಳು ಇಳಿದವು. ಭಾರತವೂ ನಿಧಾನವಾಗಿ ನಿಷೇಧದ ದಾರಿಗೆ ಬರುತ್ತಿದೆ. ಕಾಸರಗೋಡಿನ ಗೇರುತೋಟಗಳ ದುರಂತದ ಬೆನ್ನಲ್ಲೇ 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ನಿಲ್ಲಿಸಿತು. 2018ರ ಆದೇಶದಂತೆ ಇನ್ನು ಕೆಲವು ವಿಷಗಳು 2020ರ ಕೊನೆಗೆ ಮಾರುಕಟ್ಟೆಯಿಂದ ಹೋದವು. ಹತ್ತಿ, ಭತ್ತದ ಜಿಲ್ಲೆಗೆ ಇದು ಕೃಷಿ ಇಲಾಖೆಯ ಸುತ್ತೋಲೆ ಮಾತ್ರವಲ್ಲ, ಆರೋಗ್ಯ ಇಲಾಖೆಯ ಕೆಲಸ ಕೂಡ.

ಕಾನೂನಿನ ಭಯವೂ ಬಹಳ ಕಾಲ ಬಾಗಿಲು ಮುಚ್ಚಿತ್ತು. 1860ರ ದಂಡಸಂಹಿತೆಯ 309ನೇ ಕಲಮಿನಂತೆ ಬದುಕಿ ಉಳಿದವರು ಆರೋಪಿಗಳು, ಒಂದು ವರ್ಷದವರೆಗೆ ಸಜೆ. ಆಸ್ಪತ್ರೆಗೆ ತಂದ ಕೂಡಲೇ ಪೊಲೀಸರು ಬರುತ್ತಾರೆಂದು ಹೆದರಿ ‘ಕುಡಿಯೋ ನೀರು ಅಂತ ತಪ್ಪಿ ಕುಡದಾನ್ರಿ’ ಎನ್ನುವ ಮನೆಯವರ ಮಾತು ವೈದ್ಯರಿಗೆ ಹೊಸದಲ್ಲ. ಅಪಘಾತವೆಂದು ಬರೆದುಕೊಂಡ ಮೇಲೆ ಮನೋವೈದ್ಯರನ್ನು ಕರೆಸುವ ಪ್ರಶ್ನೆಯೇ ಬರುವುದಿಲ್ಲ. ಸುಪ್ರೀಂ ಕೋರ್ಟು 1994ರಲ್ಲಿ ಆ ಕಲಮನ್ನು ತಳ್ಳಿಹಾಕಿ, 1996ರಲ್ಲಿ ಮತ್ತೆ ಎತ್ತಿಹಿಡಿಯಿತು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎಂದಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲ. ಈ ಬದಲಾವಣೆ ಹಳ್ಳಿಯ ಹಿರಿಯರಿಗೂ ಠಾಣೆಯ ಪೇದೆಗೂ ಇನ್ನೂ ಗಟ್ಟಿಯಾಗಿ ಮುಟ್ಟಬೇಕಿದೆ.

ಇತ್ತೀಚಿನ ಎರಡು ದಶಕಗಳಲ್ಲಿ ದೂರ ಸ್ವಲ್ಪ ತಗ್ಗಿದೆ ಎಂಬುದು ಸಮಾಧಾನದ ಸಂಗತಿ. 2007ರಲ್ಲಿ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ರಿಮ್ಸ್, ಬಂತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಈಗ ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲಿದೆ. ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ರಾಜ್ಯ ಸರ್ಕಾರ ಶುರುಮಾಡಿದ ಮಂಗಳವಾರದ ಕ್ಲಿನಿಕ್ಕಿನ ಯೋಜನೆ ಮನೋವೈದ್ಯರನ್ನು ತಾಲೂಕು ಆಸ್ಪತ್ರೆಗೇ ಕಳಿಸುತ್ತದೆ. 2022ರ ಅಕ್ಟೋಬರ್ 10ರಿಂದ ಟೆಲಿ-ಮನಸ್ ಸಹಾಯವಾಣಿ ಇದೆ: 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳ ನಡುವೆ ಶೆಡ್ಡಿನಲ್ಲಿ ಮಲಗುವ ದೇವದುರ್ಗದ ಹುಡುಗನಿಗೂ ಈ ನಂಬರು ಅಲ್ಲಿಂದಲೇ ಸಿಗುತ್ತದೆ. ಆ ವರ್ಷದ ನವೆಂಬರಿನಲ್ಲಿ ಬಂದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ 2030ರೊಳಗೆ ಸಾವುಗಳನ್ನು ಶೇ 10ರಷ್ಟು ಇಳಿಸುವ ಗುರಿ ಇಟ್ಟಿದೆ. ದ್ವೀಪದೇಶ ಸಾಧಿಸಿದ್ದರ ಮುಂದೆ ಇದು ತೀರಾ ಚಿಕ್ಕ ಗುರಿ.

ದೊಡ್ಡ ಆಸ್ಪತ್ರೆಯ ಬೇಡಿಕೆ ಸಣ್ಣದೇನಲ್ಲ. ಏಮ್ಸ್ ತಮ್ಮೂರಿಗೆ ಬರಲಿ ಎಂದು ರಾಯಚೂರಿನವರು 2022ರ ಮೇ ತಿಂಗಳಿಂದ ಹೂಡಿದ ಧರಣಿ ಸಾವಿರ ದಿನ ದಾಟಿತು. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದದ್ದೆಂದು ಗುರುತಿಸಿದ ತಾಲೂಕುಗಳಲ್ಲಿ ದೇವದುರ್ಗವೂ ಒಂದು. ಅಲ್ಲಿಯ ಜನಕ್ಕೆ ಅಷ್ಟು ಕೇಳುವ ಹಕ್ಕಿದೆ. ಆದರೆ ಕಟ್ಟಡಕ್ಕೆ ಕಾಯದೆ ಇವತ್ತೇ ಮಾಡಬಹುದಾದ ಒಂದು ಕೆಲಸಕ್ಕೆ ಪುರಾವೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ಕಡೆ, ಯತ್ನಿಸಿ ಬದುಕಿ ಉಳಿದ 1,867 ಜನರ ಮೇಲೆ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನಕ್ಕೆ ಎಂದಿನ ಚಿಕಿತ್ಸೆ. ಉಳಿದವರಿಗೆ ಆಸ್ಪತ್ರೆ ಬಿಡುವ ಮುಂಚೆ ಸುಮಾರು ಒಂದು ಗಂಟೆ ಕೂತು ಮಾತಾಡಿ, ನಂತರದ 18 ತಿಂಗಳಲ್ಲಿ ಒಂಬತ್ತು ಸಲ ಮನೆಗೆ ಹೋಗಿಯೋ ಫೋನಿನಲ್ಲಿಯೋ ವಿಚಾರಿಸಿದರು. ಆತ್ಮಹತ್ಯೆಯಿಂದ ಸತ್ತವರು ಮೊದಲ ಗುಂಪಿನಲ್ಲಿ ಶೇ 2.2, ಎರಡನೆಯದರಲ್ಲಿ ಶೇ 0.2.

ವಿಚಾರಿಸಿದವರು ಮಾಡಿದ್ದು ಮನೋವೈದ್ಯರೇ ಬೇಕೆನ್ನುವ ಕೆಲಸವಲ್ಲ. ಬಾಣಂತಿ, ಚುಚ್ಚುಮದ್ದು, ಕ್ಷಯದ ಗುಳಿಗೆ ಎಂದು ಮಾನ್ವಿ, ದೇವದುರ್ಗದ ಓಣಿಗಳಲ್ಲಿ ದಿನಾ ತಿರುಗುವ ಆಶಾ ಕಾರ್ಯಕರ್ತೆಯರು ಇದ್ದಾರೆ. ರಿಮ್ಸ್‌ನ ತುರ್ತು ವಾರ್ಡಿನಿಂದ ಮನೆಗೆ ಮರಳಿದವರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಗುಟ್ಟಾಗಿ ಆ ಊರಿನ ಆಶಾ ಕೈಗೆ ತಲುಪಿಸಬೇಕು. ಅವರ ಕೆಲಸದ ಪಟ್ಟಿಯಲ್ಲಿ ಆ ಒಂಬತ್ತು ಭೇಟಿಗಳನ್ನೂ, ಪ್ರತಿ ಭೇಟಿಯ ಪ್ರೋತ್ಸಾಹಧನವನ್ನೂ ಸೇರಿಸಬೇಕು. ಭೇಟಿಯಲ್ಲಿ ಮನಸ್ಸು ಇನ್ನೂ ಕುಗ್ಗಿರುವುದು ಕಂಡರೆ ಮುಂದಿನ ಮಂಗಳವಾರದವರೆಗೂ ಬಿಡದೆ ತಾಲೂಕು ಆಸ್ಪತ್ರೆಗೆ ಜೊತೆಗೇ ಕರೆದೊಯ್ಯಲು ಬಸ್ ಚಾರ್ಜನ್ನೂ.